ಹಾರದ ಕೆಂಪು ಬಾವುಟ

ನನ್ನ ತಾಯಿಯ ತಂದೆ ಮುಂಬಯಿ ಬಂದರಿನಲ್ಲಿ ಟ್ಯಾಲಿ ಗುಮಾಸ್ತರಾಗಿದ್ದರು. ಹಡಗಿನಿಂದ ಇಳಿಯುವ ಮೂಟೆ, ಪೆಟ್ಟಿಗೆ, ಪೀಪಾಯಿಗಳನ್ನು ಎಣಿಸಿ ಐದಕ್ಕೊಂದು ಅಡ್ಡಗೆರೆ ಎಳೆದು ಲೆಕ್ಕ ಬರೆಯುವ ಕೆಲಸ. ನಿವೃತ್ತರಾದ ಮೇಲೂ ಆ ಅಭ್ಯಾಸ ಅವರನ್ನು ಬಿಡಲಿಲ್ಲ. ಪೇಟೆಯಿಂದ ತಂದ ತೆಂಗಿನಕಾಯಿಗಳನ್ನೂ, ಮದುವೆಮನೆಯಲ್ಲಿ ಎದ್ದ ಪಂಕ್ತಿಗಳನ್ನೂ ಅವರು ಬೆರಳಿನಿಂದ ತೊಡೆಯ ಮೇಲೆ ಗೆರೆ ಎಳೆದು ಎಣಿಸುತ್ತಿದ್ದರು. 1998ರಲ್ಲಿ ಅವರು ತೀರಿಕೊಂಡಾಗ ಅವರ ತಗಡಿನ ಟ್ರಂಕು ನನ್ನ ಪಾಲಿಗೆ ಬಂತು. ಅದರಲ್ಲಿ ಎರಡು ಪಂಚೆ, ಒಂದು ಕರಿಟೋಪಿ, ದಾರ ಕಟ್ಟಿದ ರಸೀದಿಗಳ ಒಂದು ಕಟ್ಟು ಮತ್ತು ರಟ್ಟು ಕಿತ್ತುಹೋದ ಒಂದು ಇಂಗ್ಲಿಷ್ ಪುಸ್ತಿಕೆ ಇದ್ದವು. ಪುಸ್ತಿಕೆಯಲ್ಲಿದ್ದುದು ಬಂದರಿನ ನಿಯಮಗಳು: ಹಡಗು ಎಲ್ಲಿ ಲಂಗರು ಹಾಕಬೇಕು, ಎಲ್ಲಿ ಹಾಕಬಾರದು, ರಾತ್ರಿ ಯಾವ ದೀಪ ಹಚ್ಚಬೇಕು, ಹಗಲು ಯಾವ ಬಾವುಟ ಏರಿಸಬೇಕು ಎಂಬ ವಿವರಗಳು.

ಆ ಪುಸ್ತಿಕೆಯ ಮೂಲವಾದ 1908ರ ಭಾರತೀಯ ಬಂದರುಗಳ ಕಾಯಿದೆಯ ಜಾಗಕ್ಕೆ 2025ರಲ್ಲಿ ಹೊಸ ಕಾಯಿದೆ ಬಂತು. ಸುದ್ದಿಯನ್ನು ಓದಿದ ಸಂಜೆ ನಾನು ಟ್ರಂಕು ತೆರೆದು ಪುಸ್ತಿಕೆಯನ್ನು ಮತ್ತೆ ಹೊರತೆಗೆದೆ. ಒಂದು ಶತಮಾನಕ್ಕೂ ಮೀರಿ ಬಾಳಿದ ಕಾನೂನೊಂದು ಹಿಂದೆ ಸರಿದಾಗ ಅದರ ನೆರಳಿನಲ್ಲಿ ಬದುಕಿದ ಒಬ್ಬ ಗುಮಾಸ್ತನ ನೆನಪನ್ನಾದರೂ ಬರೆದಿಡಬೇಕೆನಿಸಿತು. ಬರೆಯಬೇಕಾದದ್ದು ಅವರೊಬ್ಬರದೇ ನೆನಪಲ್ಲ, ನನ್ನದೊಂದು ಸಹಿಯ ನೆನಪೂ ಅದರ ಜೊತೆಗಿದೆ.

ಅಜ್ಜ ಮುಂಬಯಿಗೆ ಬಂದದ್ದು 1937ರಲ್ಲಿ, ಹದಿನೇಳನೆಯ ವಯಸ್ಸಿಗೆ, ಹೊನ್ನಾವರದಿಂದ ಆಗಬೋಟಿನಲ್ಲಿ. ಆಗಬೋಟು ದಡಕ್ಕೆ ಬರುತ್ತಿರಲಿಲ್ಲ. ದೂರದಲ್ಲಿ ಲಂಗರು ಹಾಕಿ ನಿಲ್ಲುತ್ತಿತ್ತು. ಜನರನ್ನೂ ಅವರ ಗಂಟುಗಳನ್ನೂ ಪಡಾವಿನಲ್ಲಿ ಅಲ್ಲಿಯವರೆಗೆ ಒಯ್ದು ಹತ್ತಿಸಬೇಕಾಗಿತ್ತು. "ದೊಡ್ಡದು ದೂರ ನಿಲ್ತದೆ, ಸಣ್ಣದು ಅದರ ಹತ್ರ ಹೋಗ್ತದೆ. ಬಂದರಿನ ಮೊದಲ ಪಾಠ ಅದೇ ತಮಾ" ಎಂದು ಅವರು ನಗುತ್ತಿದ್ದರು. ಆ ಕಾಲಕ್ಕೆ ಉತ್ತರ ಕನ್ನಡ ಮುಂಬಯಿ ಪ್ರಾಂತಕ್ಕೇ ಸೇರಿತ್ತು. 1862ರಲ್ಲಿ ಆ ಜಿಲ್ಲೆಯನ್ನು ಮದರಾಸಿನಿಂದ ಬಿಡಿಸಿ ಮುಂಬಯಿಗೆ ಸೇರಿಸಿದ್ದರ ಹಿಂದೆ ಹತ್ತಿಯ ವ್ಯಾಪಾರವಿತ್ತು. ಧಾರವಾಡ ಸೀಮೆಯ ಹತ್ತಿ ಘಟ್ಟವಿಳಿದು ಕುಮಟೆಗೆ ಬಂದು ಅಲ್ಲಿಂದ ಹಡಗೇರುತ್ತಿತ್ತು. ಪೇಟೆಯಲ್ಲಿ ಆ ಹತ್ತಿಗೆ ಕುಮಟೆಯ ಹೆಸರೇ ನಿಂತಿತ್ತು. ಆದುದರಿಂದ ನಮ್ಮ ಕರಾವಳಿಯವರಿಗೆ ಮುಂಬಯಿ ಬಂದರು ಪರದೇಶವಾಗಿರಲಿಲ್ಲ. ಮಳೆಗಾಲ ಹಿಡಿದಾಗ ಹಾಯಿಹಡಗುಗಳ ಓಡಾಟ ನಿಂತು, ನೂಲಹುಣ್ಣಿಮೆಯಂದು ಕಡಲಿಗೆ ತೆಂಗಿನಕಾಯಿ ಅರ್ಪಿಸಿದ ಮೇಲೆ ಮತ್ತೆ ಸಂಚಾರ ಶುರುವಾಗುವ ಕ್ರಮವನ್ನು ಅವರು ಹುಟ್ಟಿನಿಂದಲೇ ಬಲ್ಲವರು. ಕಡಲಿಗೆ ಕಟ್ಟಳೆಯಿದೆ ಎಂಬುದನ್ನು ಅವರಿಗೆ ಇಂಗ್ಲಿಷರು ಹೇಳಿಕೊಡಬೇಕಾಗಿರಲಿಲ್ಲ.

ಹಗಲು ಖಾನಾವಳಿಯಲ್ಲಿ ತಾಟು ಎತ್ತುತ್ತ, ಇರುಳು ಕನ್ನಡಿಗರ ರಾತ್ರಿಶಾಲೆಯಲ್ಲಿ ಇಂಗ್ಲಿಷ್ ಕಲಿತರು. ಓದಲು ಬೇರೆ ಪುಸ್ತಕವಿಲ್ಲದೆ ಹಳೆಯ ಸಾಮಾನಿನ ಅಂಗಡಿಯಿಂದ ಒಂದಾಣೆಗೆ ತಂದದ್ದು ಈ ನಿಯಮಗಳ ಪುಸ್ತಿಕೆ. ಅದನ್ನು ಓದಿಯೇ ಅವರು ಒಬ್ಬ ಸ್ಟೀವಡೋರ್ ಗುತ್ತಿಗೆದಾರರ ಬಳಿ ಗುಮಾಸ್ತರಾದರು. ಶಾಲೆಯ ಮಕ್ಕಳು ಪದ್ಯ ಹೇಳುವ ಹಾಗೆ ಅವರು ನನಗೆ ನಿಯಮಗಳನ್ನು ಹೇಳುತ್ತಿದ್ದರು. ಲಂಗರು ಹಾಕಿ ನಿಂತ ಹಡಗು ಇರುಳಿನಲ್ಲಿ ಎಲ್ಲ ದಿಕ್ಕಿಗೂ ಕಾಣುವ ಬಿಳಿಯ ದೀಪ ತೋರಬೇಕು, ಹಗಲಿನಲ್ಲಿ ಕರಿಯ ಗುಂಡು ಏರಿಸಬೇಕು. ರೋಗದ ಶಂಕೆಯಿದ್ದರೆ ಹಳದಿ ಬಾವುಟ. ಸ್ಫೋಟಕ ಹೊತ್ತಿದ್ದರೆ ಕೆಂಪು ಬಾವುಟ.

ದೊಡ್ಡವನಾದ ಮೇಲೆ ನಾನೇ ಆ ಪುಸ್ತಿಕೆಯನ್ನೂ 1908ರ ಕಾಯಿದೆಯನ್ನೂ ಓದಿದೆ. ವಸಾಹತು ಸರ್ಕಾರದ ಕಾನೂನು ಎಂದೊಡನೆ ನಮ್ಮ ಮನಸ್ಸಿನಲ್ಲಿ ಸುಂಕ, ದಂಡ, ದರ್ಪಗಳ ಚಿತ್ರ ಮೂಡುತ್ತದೆ. ಅವೆಲ್ಲ ಅದರಲ್ಲಿ ಇವೆ. ಆದರೆ ಅದರ ಬಹುಭಾಗ ಬೇರೆಯದೇ ಧಾಟಿಯದು. ಹಡಗಿನ ಮೇಲೆ ನಿಷೇಧಿತ ಜಾಗದಲ್ಲಿ ಡಾಂಬರು ಕುದಿಸಬಾರದು. ಮರೆಯಿಲ್ಲದ ದೀಪದ ಬೆಳಕಿನಲ್ಲಿ ಮದ್ಯಸಾರವನ್ನು ಪೀಪಾಯಿಯಿಂದ ತೆಗೆಯಬಾರದು. ಸೂರ್ಯಾಸ್ತದ ಮೇಲೆ ಹಗ್ಗವನ್ನು ನೀರಿನ ಮೇಲೆ ಚಾಚಿ ಬಿಡಬಾರದು. ತೂಕಕ್ಕೆಂದು ತುಂಬಿದ ಕಲ್ಲುಮಣ್ಣನ್ನು ಬಂದರಿನೊಳಗೆ ಸುರಿಯಬಾರದು. ತೇಲುಗುರುತುಗಳಿಗೆ ಪೆಟ್ಟು ಮಾಡಬಾರದು. ಬಾಡಿಗೆಗೆ ಓಡುವ ತೆಪ್ಪಕ್ಕೂ ಪರವಾನಗಿ ಬೇಕು. ಇಂಥ ಪ್ರತಿಯೊಂದು 'ಬಾರದು' ಪದದ ಹಿಂದೆ ಎಂದೋ ಎಲ್ಲಿಯೋ ಸುಟ್ಟ ಒಂದು ಹಡಗು, ಕತ್ತಲಲ್ಲಿ ಹಗ್ಗಕ್ಕೆ ಸಿಕ್ಕು ಮಗುಚಿದ ಒಂದು ದೋಣಿ ಇರಬೇಕು ಎನಿಸುತ್ತದೆ.

ಲಂಗರಿನ ನಿಯಮವೂ ಹಾಗೆಯೇ. ಲಂಗರು ಹಾಕಿದ ಹಡಗು ನಿಂತಲ್ಲೇ ನಿಲ್ಲುವುದಿಲ್ಲ. ಭರತ ಬಂದಾಗ ಒಂದು ಕಡೆಗೆ, ಇಳಿತದಲ್ಲಿ ಇನ್ನೊಂದು ಕಡೆಗೆ ಮುಖ ತಿರುಗಿಸುತ್ತ ತನ್ನ ಸರಪಳಿಯ ಉದ್ದಕ್ಕೆ ತಕ್ಕ ಒಂದು ವೃತ್ತವನ್ನು ಸುತ್ತುತ್ತದೆ. ಆ ವೃತ್ತದೊಳಗೆ ಇನ್ನೊಂದು ಹಡಗು ಬರಕೂಡದು. ಆದುದರಿಂದಲೇ ಯಾವ ಹಡಗು ಎಲ್ಲಿ ನಿಲ್ಲಬೇಕೆಂದು ಹೇಳುವ ಅಧಿಕಾರ ಬಂದರಿನ ಅಧಿಕಾರಿಗೆ ಇತ್ತು. ನಾಯಕ ಎಷ್ಟೇ ದೊಡ್ಡವನಾಗಿರಲಿ, ಬಂದರಿನೊಳಗೆ ಅವನು ಹೇಳಿದ ಜಾಗದಲ್ಲಿಯೇ ನಿಲ್ಲಬೇಕಾಗಿತ್ತು.

ಇಲ್ಲಿ ಮುಂಬಯಿಯ ಡಾಕುಗಳ ರಚನೆಯನ್ನೂ ನೆನಪಿಡಬೇಕು. 1873ರಲ್ಲಿ ಪೋರ್ಟ್ ಟ್ರಸ್ಟ್ ಸ್ಥಾಪನೆಯಾದ ಬಳಿಕ 1880ರಲ್ಲಿ ಪ್ರಿನ್ಸೆಸ್ ಡಾಕ್, ಆ ಮೇಲೆ ಅದರ ಮಗ್ಗುಲಿಗೇ ವಿಕ್ಟೋರಿಯಾ ಡಾಕ್ ಬಂದವು. ಇವು ನೆಲವನ್ನು ಕಡಿದು ಮಾಡಿದ, ಬಾಗಿಲುಗಳಿದ್ದ ನೀರಿನ ಅಂಗಳಗಳು. ಭರತದ ಹೊತ್ತಿನಲ್ಲಿ ಬಾಗಿಲು ತೆರೆದಾಗ ಹಡಗು ಒಳಬರಬೇಕು, ಹಾಗೆಯೇ ಹೊರಹೋಗಬೇಕು. ಒಳಗೆ ಗೋಡೆಗೆ ತಾಗಿ ಹಡಗುಗಳ ಸಾಲು, ಅದರಾಚೆ ಗೋದಾಮುಗಳು, ಅದರಾಚೆ ಮಾಂಡವಿಯ, ಮಸ್ಜಿದ್ ಬಂದರಿನ ಇಕ್ಕಟ್ಟಾದ ಮನೆಗಳು. ಹೊರಗಿನ ನೀರಿನಲ್ಲಿ ನಿಂತ ಹಡಗಿಗೆ ಬೆಂಕಿ ಬಿದ್ದರೆ ಸುತ್ತ ಕಡಲಿದೆ. ಡಾಕಿನೊಳಗಿನ ಹಡಗಿಗೆ ಬೆಂಕಿ ಬಿದ್ದರೆ ಸುತ್ತ ಊರಿದೆ. ಈ ಕಾರಣಕ್ಕೆ ಶಾಂತಿಕಾಲದ ನಿಯಮ ಸರಳವಾಗಿತ್ತು: ಸ್ಫೋಟಕ ಹೊತ್ತ ಹಡಗು ಡಾಕಿನ ಒಳಗೆ ಬರುವಂತಿಲ್ಲ. ದೂರ ನೀರಿನಲ್ಲಿ ಲಂಗರು ಹಾಕಿ, ಕೆಂಪು ಬಾವುಟ ಏರಿಸಿ, ಸರಕನ್ನು ಸಣ್ಣ ದೋಣಿಗಳಿಗೆ ಇಳಿಸಿ ಕಳಿಸಬೇಕು. ದೊಡ್ಡದು ದೂರ ನಿಲ್ಲಬೇಕೆಂಬ ಅಜ್ಜನ ಮೊದಲ ಪಾಠವೇ ಇದೂ ಆಗಿತ್ತು.

ಯುದ್ಧ ಬಂದು ಆ ನಿಯಮವನ್ನು ಬದಿಗೆ ಸರಿಸಿತು. ಬಂದರಿನಲ್ಲಿ ಹಡಗುಗಳ ದಟ್ಟಣೆ, ಸೇನೆಗೆ ಮದ್ದುಗುಂಡಿನ ತುರ್ತು, ದೋಣಿಗಳ ಅಭಾವ. ಸ್ಫೋಟಕ ಹೊತ್ತ ಹಡಗುಗಳು ಡಾಕಿನೊಳಗೇ ಬಂದು ಇಳಿಸತೊಡಗಿದವು. ಕೆಂಪು ಬಾವುಟ ಏರಿಸುವ ರೂಢಿಯೂ ತಪ್ಪಿತು. ಹಲವು ಹಡಗುಗಳು ಹಾಗೆ ಬಂದು ಹೋದವು, ಏನೂ ಆಗಲಿಲ್ಲ.

1944ರ ಏಪ್ರಿಲ್ 12ರಂದು ಫೋರ್ಟ್ ಸ್ಟಿಕಿನ್ ಎಂಬ ಹಡಗು ವಿಕ್ಟೋರಿಯಾ ಡಾಕಿಗೆ ಬಂತು. ಫೆಬ್ರುವರಿಯಲ್ಲಿ ಇಂಗ್ಲೆಂಡಿನ ಬರ್ಕನ್‌ಹೆಡ್‌ನಿಂದ ಹೊರಟು ಕರಾಚಿಯನ್ನು ಮುಟ್ಟಿ ಬಂದ 7,142 ಟನ್ನಿನ ಹಡಗು. ಅದರ ಒಡಲಿನಲ್ಲಿ ಸುಮಾರು 1,400 ಟನ್ ಸ್ಫೋಟಕಗಳಿದ್ದವು. ಕರಾಚಿಯಲ್ಲಿ ಅದಕ್ಕೆ ಸುಮಾರು 8,700 ಹತ್ತಿಯ ಅಂಡಿಗೆಗಳನ್ನೂ, ಎಣ್ಣೆಯ ಪೀಪಾಯಿಗಳನ್ನೂ, ಮರಮುಟ್ಟನ್ನೂ ತುಂಬಿದ್ದರು. ಹತ್ತಿಯ ಕೆಳಗೂ ಮೇಲೂ ಮದ್ದುಗುಂಡು. ಇದಲ್ಲದೆ ಬ್ಯಾಂಕಿಗೆ ಸಲ್ಲಬೇಕಾದ 124 ಚಿನ್ನದ ಗಟ್ಟಿಗಳು. ಎರಡು ದಿನ ಅದು ಆ ಅಂಗಳದಲ್ಲಿ ಇತರ ಹಡಗುಗಳ ನಡುವೆ ನಿಂತಿತ್ತು. ಅದರ ಕಂಬದ ಮೇಲೆ ಕೆಂಪು ಬಾವುಟವಿರಲಿಲ್ಲ.

14ನೆಯ ತಾರೀಖು ಶುಕ್ರವಾರ. ಮಧ್ಯಾಹ್ನದ ಊಟದ ಬಿಡುವು ಮುಗಿದ ಹೊತ್ತಿಗೆ ಎರಡನೆಯ ಸರಕುಗುಂಡಿಯಿಂದ ಹೊಗೆ ಕಂಡಿತು. ಯಾರೋ ಸೇದಿ ಎಸೆದ ತುಂಡಿನಿಂದ ಹತ್ತಿ ಹೊತ್ತಿರಬಹುದೆಂಬುದು ಊಹೆ. ಅಗ್ನಿಶಾಮಕರು ಬಂದರು, ನೂರಾರು ಟನ್ ನೀರು ಸುರಿದರು, ಬೆಂಕಿಯ ಮೂಲ ಸಿಗಲಿಲ್ಲ. ಹಡಗನ್ನು ಹೊರಗೆ ಎಳೆಯಬೇಕೋ, ಅಲ್ಲಿಯೇ ಮುಳುಗಿಸಬೇಕೋ ಎಂಬ ಮಾತುಗಳು ನಡೆದವು. ಹಡಗಿನವರು, ಸೇನೆಯವರು, ಬಂದರಿನವರು, ಅಗ್ನಿಶಾಮಕದವರು ಎಲ್ಲರೂ ಅಲ್ಲಿದ್ದರು. ಅವರೆಲ್ಲರ ಪರವಾಗಿ ಒಂದು ಮಾತು ಹೇಳಿ ಮುಗಿಸುವವರು ಇರಲಿಲ್ಲ. ಸಂಜೆ 4 ಗಂಟೆ 6 ನಿಮಿಷಕ್ಕೆ ಹಡಗು ಸಿಡಿಯಿತು. ಅರ್ಧ ಗಂಟೆಯೊಳಗೆ ಇನ್ನೊಂದು, ಮೊದಲಿನದಕ್ಕಿಂತ ದೊಡ್ಡ ಸ್ಫೋಟ. ಜಲಪದ್ಮ ಎಂಬ, ಸುಮಾರು 4,000 ಟನ್ನಿನ ಹಡಗಿನ ಹಿಂಭಾಗ ಎದ್ದು ಗೋದಾಮಿನ ಮಾಡಿನ ಮೇಲೆ ಕುಳಿತಿತು. ಉರಿಯುವ ಹತ್ತಿಯ ಅಂಡಿಗೆಗಳು ಮನೆಗಳ ಮೇಲೆ ಬಿದ್ದವು. ಬಹುದೂರದ ಶಿಮ್ಲಾದ ಭೂಕಂಪಮಾಪಕ ಆ ನಡುಕವನ್ನು ದಾಖಲಿಸಿತು. ಬೆಂಕಿ ಮೂರು ದಿನ ಉರಿಯಿತು. ಜಪಾನಿನ ದಾಳಿಯೇ ಆಯಿತೆಂದು ಊರು ನಂಬಿತ್ತು. ಪತ್ರಿಕೆಗಳಿಗೆ ಬಾಯಿಕಟ್ಟು ಹಾಕಿದ್ದರಿಂದ ನಿಜಸುದ್ದಿ ಹೊರಬರಲು ಮೇ ತಿಂಗಳು ಬೇಕಾಯಿತು. ಪ್ರಾಣ ಕೊಟ್ಟ 66 ಅಗ್ನಿಶಾಮಕರ ನೆನಪಿಗಾಗಿ ಇಂದಿಗೂ ಏಪ್ರಿಲ್ 14ರಿಂದ ದೇಶದಲ್ಲೆಲ್ಲ ಅಗ್ನಿಶಾಮಕ ಸಪ್ತಾಹ ನಡೆಯುತ್ತದೆ.

ಇಷ್ಟನ್ನು ಪುಸ್ತಕಗಳಲ್ಲಿ ಓದಬಹುದು. ಅಜ್ಜ ಮಾತ್ರ ಈ ವಿಷಯವನ್ನು ಎತ್ತಿದರೆ, "ಬಾವುಟ ಹಾರಿಸ್ಲಿಲ್ಲ" ಎಂಬ ಒಂದೇ ಮಾತು ಹೇಳಿ ಸುಮ್ಮನಾಗುತ್ತಿದ್ದರು. ಆ ದಿನ ನೀವು ಎಲ್ಲಿದ್ದಿರಿ ಎಂದು ಕೇಳಿದರೆ, "ಜ್ವರ ಬಂದಿತ್ತು, ಖೋಲಿಯಲ್ಲಿ ಮಲಗಿದ್ದೆ" ಎನ್ನುತ್ತಿದ್ದರು. ನಾವೆಲ್ಲ ಅದನ್ನು ದೇವರ ದಯೆ ಎಂದುಕೊಂಡಿದ್ದೆವು. ಅಜ್ಜಿ ವರ್ಷಕ್ಕೊಮ್ಮೆ ಇಡಗುಂಜಿಯ ಗಣಪತಿಗೆ ಪಂಚಕಜ್ಜಾಯ ಮಾಡಿಸುತ್ತಿದ್ದಳು. ಆ ದಿನ ಅಜ್ಜ ಏನಾದರೊಂದು ನೆವ ಹೇಳಿ ಮನೆಯಲ್ಲೇ ಉಳಿಯುತ್ತಿದ್ದರು.

ನನಗೆ ಉಳಿದ ಮಾತು ತಿಳಿದದ್ದು 1993ರಲ್ಲಿ, ನನ್ನದೇ ಒಂದು ತಪ್ಪಿನ ದೆಸೆಯಿಂದ.

ನಾನಾಗ ಹೊಸ ಬಂದರಿನ ಕಡೆಯ ಒಂದು ಕಂಟೇನರ್ ಅಂಗಳದಲ್ಲಿ ಪಾಳಿಯ ಮೇಲ್ವಿಚಾರಕನಾಗಿದ್ದೆ. ನ್ಹಾವಾ ಶೇವಾ ಬಂದರು 1989ರಲ್ಲಿ ಆರಂಭವಾದ ಮೇಲೆ ಅಂಥ ಅಂಗಳಗಳು ಆ ಸೀಮೆಯಲ್ಲಿ ಬಹಳ ಬಂದಿದ್ದವು. ಕಂಟೇನರುಗಳ ಮೇಲೆ ಬಾವುಟದ ಬದಲು ವಜ್ರಾಕಾರದ ಚೀಟಿಗಳಿರುತ್ತವೆ. ಹೊತ್ತಿಕೊಳ್ಳುವ ದ್ರವಕ್ಕೆ ಕೆಂಪು, ಬೆಂಕಿಗೆ ಆಮ್ಲಜನಕ ಒದಗಿಸುವ ರಾಸಾಯನಿಕಕ್ಕೆ ಹಳದಿ. ಇವೆರಡನ್ನೂ ಅಕ್ಕಪಕ್ಕ ಇಡಬಾರದು ಎಂಬುದು ಈ ಕೆಲಸದ ಅಕ್ಷರಾಭ್ಯಾಸ. ಒಂದು ಸಂಜೆ ಅಂಗಳ ತುಂಬಿ ಹೋಗಿತ್ತು. ಹಳದಿ ಚೀಟಿಯ ಕಂಟೇನರಿಗೆ ಉಳಿದ ಒಂದೇ ಜಾಗ ಬಣ್ಣ, ತಿನ್ನರುಗಳ ಕೆಂಪು ಚೀಟಿಯ ಸಾಲಿನ ಪಕ್ಕದಲ್ಲಿತ್ತು. ಮೇಲಿನವರು ಫೋನಿನಲ್ಲಿ, "ಒಂದೇ ರಾತ್ರಿಯ ಮಾತು, ಬೆಳಗ್ಗೆ ಹೋಗುತ್ತದೆ, ವಿನಾಯಿತಿ ಬರೆದು ಸಹಿ ಮಾಡಿ" ಎಂದರು. ನಾನು ಬರೆದೆ, ಸಹಿ ಮಾಡಿದೆ. ಆ ರಾತ್ರಿ ಸಾಲಿನ ಮಗ್ಗುಲಲ್ಲೇ ಹಮಾಲರು ಎಂದಿನಂತೆ ಚಾಪೆ ಹಾಸಿ ಮಲಗಿದ್ದರು. ಬೆಳಗ್ಗೆ ಕಂಟೇನರ್ ಹೋಯಿತು. ಏನೂ ಆಗಲಿಲ್ಲ.

ಮುಂದಿನ ಭಾನುವಾರ ಅಜ್ಜನನ್ನು ನೋಡಲು ಹೋದಾಗ ನಾನೇ ಈ ಸಂಗತಿಯನ್ನು ಹೇಳಿದೆ. ಒಪ್ಪಿಕೊಳ್ಳುವ ಧಾಟಿಯಲ್ಲಿ ಅಲ್ಲ, ಸ್ವಲ್ಪ ಹೆಮ್ಮೆಯಿಂದಲೇ. ಕಷ್ಟದ ಗಳಿಗೆಯಲ್ಲಿ ಕೆಲಸ ಸಾಗಿಸಿದ ಬಗೆಯನ್ನು ವರ್ಣಿಸುವವನಂತೆ. ಅಜ್ಜ ಅಡಿಕೆ ಕತ್ತರಿಸುತ್ತಿದ್ದವರು ಅಡಕತ್ತರಿಯನ್ನು ಕೆಳಗಿಟ್ಟರು.

"ಏನೂ ಆಗ್ಲಿಲ್ಲ ಅಂದ್ರೆ ಅದು ಸರಿ ಇತ್ತು ಅಂತ ಅಲ್ಲ ತಮಾ. ಆ ಹಡಗು ಬಂದು ಎರಡು ದಿನ ಏನೂ ಆಗಿರ್ಲಿಲ್ಲ."

ಆಮೇಲೆ, ತಡವಾಗಿ, ಅವರು ಆ ಶುಕ್ರವಾರದ ಕತೆಯನ್ನು ಹೇಳಿದರು.

ಖೋಲಿಯಲ್ಲಿ ಅವರೊಂದಿಗೆ ಪಕ್ಕದ ಊರಿನ ಒಬ್ಬ ಗೆಳೆಯನಿದ್ದ. ಒಂದೇ ಆಗಬೋಟಿನಲ್ಲಿ ಬಂದವರು, ಒಂದೇ ರಾತ್ರಿಶಾಲೆಯಲ್ಲಿ ಕಲಿತವರು. ಆತನಿಗೆ ಆಗ ಕೆಲಸವಿರಲಿಲ್ಲ. ಅಜ್ಜನಿಗೆ ಜ್ವರ ಬಂದ ದಿನ ಕೂಲಿಯೂ ಹೋಗಬಾರದು, ಜಾಗವೂ ಹೋಗಬಾರದು ಎಂದು ಆತನನ್ನೇ ತಮ್ಮ ಹೆಸರಿನಲ್ಲಿ ಬದಲಿಯಾಗಿ ಕಳಿಸಿದರು. ಬೇರೆಯವನ ಹೆಸರಿನಲ್ಲಿ ದುಡಿಯುವುದು ನಿಯಮಕ್ಕೆ ವಿರುದ್ಧ. ಆದರೆ ಎಲ್ಲರೂ ಮಾಡುತ್ತಿದ್ದರು, ಮುಕಾದಮನಿಗೂ ಗೊತ್ತಿತ್ತು. ಆತ ಪ್ರಿನ್ಸೆಸ್ ಡಾಕಿನ ಕಡೆ, ಬೇರೊಂದು ಹಡಗಿನ ಸರಕು ಎಣಿಸುತ್ತಿದ್ದ. ಹೊಗೆ ಕಂಡಿತು. ಡಾಕಿನಲ್ಲಿ ಹೊಗೆ ಹೊಸದಲ್ಲ. ಕೆಲವರು ನೋಡುತ್ತ ನಿಂತರು, ಹಲವರು ತಮ್ಮ ಕೆಲಸ ಮುಂದುವರಿಸಿದರು. ಯಾರೂ ಓಡಲಿಲ್ಲ.

"ಕೆಂಪು ಬಾವುಟ ಕಂಡಿದ್ರೆ ಅವ ಓಡ್ತಿದ್ದ. ಪುಸ್ತಕವನ್ನ ಇಬ್ರೂ ಕೂಡೇ ಓದಿದ್ದು."

ಅಜ್ಜ ನಾಲ್ಕನೆಯ ದಿನ ಜ್ವರದಲ್ಲೇ ಎದ್ದು ಹೋಗಿ ಹುಡುಕಿದರು. ಆಸ್ಪತ್ರೆಗಳಲ್ಲಿ ಸಾಲಾಗಿ ಮಲಗಿಸಿದವರ ಮುಖಗಳನ್ನು ನೋಡಿದರು. ಸಿಗಲಿಲ್ಲ. ಸತ್ತವರ ಮನೆಯವರಿಗೆ ಪರಿಹಾರ ಸಿಗುತ್ತದೆಂದು ತಿಳಿದಾಗ ಗುತ್ತಿಗೆದಾರರ ಕಚೇರಿಗೆ ಹೋದರು. ಅಲ್ಲಿನ ಕಾರಕೂನ ಹಾಜರಿ ಪುಸ್ತಕ ತೆರೆದು ತೋರಿಸಿದ. ಆ ದಿನದ ಸಾಲಿನಲ್ಲಿ ಅಜ್ಜನ ಹೆಸರು. "ಕೆಲಸಕ್ಕೆ ಬಂದವನು ನೀನು. ನೀನು ಇಲ್ಲಿ ನಿಂತಿದ್ದೀಯೆ. ಹಾಗಾದರೆ ಸತ್ತವನು ಯಾರು?" ಎಂದು ಕೇಳಿದ. ನಿಜ ಹೇಳಿದರೆ ಬದಲಿ ಕಳಿಸಿದ್ದಕ್ಕೆ ಕೆಲಸ ಹೋಗುತ್ತದೆ, ಮುಕಾದಮನೂ ಸಿಕ್ಕಿಬೀಳುತ್ತಾನೆ. ಅಜ್ಜನಿಗೆ ಇಪ್ಪತ್ತನಾಲ್ಕು ವರ್ಷ. ಊರಿನಲ್ಲಿ ತಾಯಿ, ಇಬ್ಬರು ತಂಗಿಯರು. ಅವರು ಉತ್ತರ ಕೊಡದೆ ಹಿಂದೆ ಬಂದರು.

"ಚಿನ್ನದ ಗಟ್ಟಿ ನೂರಾ ಇಪ್ಪತ್ತನಾಲ್ಕು ಅಂತ ಎಲ್ಲರಿಗೂ ಗೊತ್ತು. ಅವ ಯಾವ ಲೆಕ್ಕದಲ್ಲೂ ಇಲ್ಲ. ನಾನೇ ಟ್ಯಾಲಿ ಗುಮಾಸ್ತ. ನಾನೇ ಬರೆಸ್ಲಿಲ್ಲ."

ಅಂದು ನಾನು ಏನೂ ಹೇಳಲಾಗಲಿಲ್ಲ. ಐದು ವರ್ಷಗಳ ಬಳಿಕ ಟ್ರಂಕಿನಲ್ಲಿದ್ದ ರಸೀದಿಗಳ ಕಟ್ಟನ್ನು ಬಿಚ್ಚಿದಾಗ ಅವು ಮನಿಆರ್ಡರಿನ ರಸೀದಿಗಳೆಂದು ಕಂಡಿತು. ಮೊದಮೊದಲು ಐದು ರೂಪಾಯಿ, ಆ ಮೇಲೆ ಹತ್ತು, ಕೊನೆಗೆ ಹದಿನೈದು. ಪ್ರತಿ ತಿಂಗಳು, ಹೊನ್ನಾವರ ತಾಲೂಕಿನ ಒಂದು ಹಳ್ಳಿಗೆ, ಒಬ್ಬ ಹೆಂಗಸಿನ ಹೆಸರಿಗೆ. ಮೊದಲನೆಯದು 1944ರ ಜೂನ್ ತಿಂಗಳದು. ಕೊನೆಯದು 1967ರದು. ಆ ತಾಯಿ ಅದೇ ವರ್ಷ ತೀರಿಕೊಂಡಳೆಂದು ಊರಿನ ಹಿರಿಯರಿಂದ ತಿಳಿಯಿತು. ಆ ರಸೀದಿಗಳನ್ನು ನಾನೂ ಎಣಿಸಿದೆ, ಐದಕ್ಕೊಂದು ಅಡ್ಡಗೆರೆ ಎಳೆದು. ಒಂದು ತಿಂಗಳೂ ತಪ್ಪಿರಲಿಲ್ಲ.

ಸತ್ತವರ ಸಂಖ್ಯೆ ಇಂದಿಗೂ ಒಂದೇ ಆಗಿಲ್ಲ. ಎಂಟುನೂರು ಎನ್ನುವವರಿದ್ದಾರೆ, ಸಾವಿರದ ಮುನ್ನೂರು ಎನ್ನುವವರಿದ್ದಾರೆ. ಈ ಅಂತರವನ್ನು ಓದುವಾಗಲೆಲ್ಲ ನನಗೆ ಆ ಹಾಜರಿ ಪುಸ್ತಕ ನೆನಪಾಗುತ್ತದೆ. ದಿನಗೂಲಿಯವರು, ಬದಲಿಗಳು, ಟೋಳಿಯ ಹಿಂದೆ ಬಂದು ನಿಂತ ಹುಡುಗರು. ಕಾನೂನು ಹಡಗಿನ ಹೆಸರನ್ನೂ, ಟನ್ನನ್ನೂ, ಸರಕಿನ ಪಟ್ಟಿಯನ್ನೂ ಕೇಳಿ ಬರೆದುಕೊಳ್ಳುತ್ತಿತ್ತು. ತೆಪ್ಪಕ್ಕೂ ಪರವಾನಗಿ ಕೊಡುತ್ತಿತ್ತು. ಮೂಟೆ ಹೊರುವವನ ಹೆಸರನ್ನು ಅದು ಗುತ್ತಿಗೆದಾರನ ಪುಸ್ತಕಕ್ಕೆ ಬಿಟ್ಟಿತ್ತು. ಡಾಕ್ ಕಾರ್ಮಿಕರ ನೇಮಕಕ್ಕೆ ಕಟ್ಟುಪಾಡು ತರುವ ಕಾಯಿದೆ ಬಂದದ್ದು 1948ರಲ್ಲಿ, ಸ್ವಾತಂತ್ರ್ಯದ ಮೇಲೆ. ಅಜ್ಜ ಆ ಕಾಯಿದೆಯ ಬಗ್ಗೆ ಮಾತಾಡುವಾಗ ಅದರ ಕೂಲಿಯ ದರವನ್ನು ಹೊಗಳುತ್ತಿರಲಿಲ್ಲ. "ಪ್ರತಿಯೊಬ್ಬನಿಗೂ ಒಂದು ಕಾರ್ಡು" ಎಂದಷ್ಟೇ ಹೇಳುತ್ತಿದ್ದರು.

1908ರ ಕಾಯಿದೆಯ ಆರಂಭದಲ್ಲಿಯೇ ಇನ್ನೊಂದು ಮಾತಿದೆ: ಸರ್ಕಾರದ ಒಡೆತನದ ಅಥವಾ ಸೇವೆಯಲ್ಲಿರುವ ಹಡಗುಗಳಿಗೂ, ಯುದ್ಧನೌಕೆಗಳಿಗೂ ಈ ಕಾಯಿದೆ ಅನ್ವಯಿಸದು. ಮೊದಲ ಸಲ ಓದಿದಾಗ ಅದನ್ನು ನಾನು ಗಮನಿಸಿರಲಿಲ್ಲ. ಅಜ್ಜನ ಕತೆ ಕೇಳಿದ ಮೇಲೆ ಮತ್ತೆ ಓದಿದಾಗ ಅಲ್ಲಿಯೇ ಕಣ್ಣು ನಿಂತಿತು. ನಿಯಮ ಮಾಡಿದವನು ತನ್ನನ್ನು ಮೊದಲೇ ಹೊರಗಿಟ್ಟುಕೊಂಡ. ವಸಾಹತು ಆಳ್ವಿಕೆಯ ದೋಷ ಅದರ ನಿಯಮಗಳಲ್ಲಿ ಇದ್ದುದಕ್ಕಿಂತ ಅದರ ವಿನಾಯಿತಿಗಳಲ್ಲಿ ಹೆಚ್ಚು ಕಾಣುತ್ತದೆ ಎಂದು ನನಗೆ ಅನಿಸುವುದು ಇದಕ್ಕೇ. ಸಣ್ಣ ದೋಣಿಯವನು ದೀಪ ಹಚ್ಚದಿದ್ದರೆ ದಂಡ. ಸಾಮ್ರಾಜ್ಯಕ್ಕೆ ಅವಸರವಾದರೆ ಸಾವಿರಾರು ಮಂದಿಯ ನಡುವೆ ಮದ್ದಿನ ಹಡಗನ್ನು ಗುರುತಿಲ್ಲದೆ ತಂದು ನಿಲ್ಲಿಸಬಹುದು.

ಹೀಗೆ ಬರೆದು ದೋಷವನ್ನೆಲ್ಲ ಇಂಗ್ಲಿಷರ ತಲೆಗೆ ಕಟ್ಟಿ ನಾನು ಹಗುರಾಗುವಂತಿಲ್ಲ. ಸ್ವತಂತ್ರ ಭಾರತದಲ್ಲಿ, ಯುದ್ಧವಿಲ್ಲದ ಒಂದು ಸಂಜೆ, ಫೋನಿನ ಒಂದು ಮಾತಿಗೆ ನಾನೂ ವಿನಾಯಿತಿ ಬರೆದವನು. ಸಾಲಿನ ಪಕ್ಕ ಮಲಗಿದ್ದ ಹಮಾಲರ ಹೆಸರು ನನಗೂ ಗೊತ್ತಿರಲಿಲ್ಲ. ಅಜ್ಜನ ಮಾತು ಕೇಳಿ ಬಂದ ಸೋಮವಾರವೇ ನಾನು ಎರಡು ಕೆಲಸ ಮಾಡಿದೆ. ರಾತ್ರಿ ಅಂಗಳದೊಳಗೆ ಇರುವ ಪ್ರತಿಯೊಬ್ಬರ ಹೆಸರು ಬರೆಯುವ ಒಂದು ಪುಸ್ತಕವನ್ನು ಬಾಗಿಲಲ್ಲಿ ಇಡಿಸಿದೆ. ಚೀಟಿಗಳ ವಿಷಯದಲ್ಲಿ ಇನ್ನು ವಿನಾಯಿತಿಗೆ ಸಹಿ ಮಾಡುವುದಿಲ್ಲವೆಂದು ಬರೆದುಕೊಟ್ಟೆ. ಎರಡನೆಯದರಿಂದಾಗಿ ಒಂದು ವರ್ಷದ ಬಡ್ತಿ ತಪ್ಪಿತು. ಇದನ್ನು ತ್ಯಾಗವೆಂದು ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಇಪ್ಪತ್ತಮೂರು ವರ್ಷದ ಮನಿಆರ್ಡರುಗಳ ಮುಂದೆ ಅದು ಲೆಕ್ಕಕ್ಕೇ ಬಾರದು.

ಈಗ ಈಸ್ಟರ್ನ್ ಫ್ರೀವೇಯ ಮೇಲೆ ಹೋಗುವಾಗ ಬಂದರಿನ ನೆಲ ಎಡಬಲಕ್ಕೆ ಕಾಣುತ್ತದೆ. ಪ್ರಿನ್ಸೆಸ್ ಡಾಕ್, ವಿಕ್ಟೋರಿಯಾ ಡಾಕ್‌ಗಳ ನೀರನ್ನು ಮುಚ್ಚಿ ನೆಲ ಮಾಡಿದ್ದಾರೆ. ಸಿಡಿದ ಹಡಗಿನ ಚಿನ್ನದ ಗಟ್ಟಿಗಳು ಮಾತ್ರ ದಶಕಗಳ ತರುವಾಯವೂ ಹೂಳೆತ್ತುವವರ ಕೈಗೆ ಆಗಾಗ ಸಿಕ್ಕವು. ಸಿಕ್ಕಾಗಲೆಲ್ಲ ಪತ್ರಿಕೆಯಲ್ಲಿ ಸುದ್ದಿಯಾದವು.

ಹಳೆಯ ಕಾಯಿದೆಯಲ್ಲಿ ಇನ್ನೊಂದು ವಿಚಿತ್ರ ನಿಯಮವಿತ್ತು. ಬಂದರಿನ ತಳದಲ್ಲಿ ಕಳೆದುಹೋದ ಲಂಗರು, ಸರಪಳಿಗಳನ್ನು ಅಧಿಕಾರಿಯ ಅನುಮತಿಯಿಲ್ಲದೆ ಯಾರೂ ಕೊಕ್ಕೆ ಹಾಕಿ ಹುಡುಕಬಾರದು. ಅಜ್ಜನ ಪುಸ್ತಿಕೆಯಲ್ಲಿ ಆ ಸಾಲಿನ ಕೆಳಗೆ ಪೆನ್ಸಿಲಿನ ಗೆರೆಯಿದೆ. ಎಳೆದವರು ಅಜ್ಜನೋ, ಅವರ ಜೊತೆ ಕುಳಿತು ಓದಿದ ಗೆಳೆಯನೋ ತಿಳಿಯದು. ಕೆಂಪು ಬಾವುಟದ ಸಾಲಿನ ಕೆಳಗೆ ಎರಡು ಗೆರೆಗಳಿವೆ, ಒಂದು ತೆಳುವಾದದ್ದು, ಒಂದು ಒತ್ತಿ ಎಳೆದದ್ದು. ಕಾಯಿದೆ ಬದಲಾದುದರಿಂದ ಪುಸ್ತಿಕೆಗೆ ಇನ್ನು ಬಳಕೆಯಿಲ್ಲ. ರಸೀದಿಗಳ ಕಟ್ಟಿನೊಂದಿಗೆ ಅದನ್ನು ಮತ್ತೆ ಟ್ರಂಕಿನಲ್ಲಿಟ್ಟಿದ್ದೇನೆ. ಬರುವ ಏಪ್ರಿಲ್ 14ರಂದು ಹೊನ್ನಾವರದ ಆ ಹಳ್ಳಿಗೆ ಹೋಗಬೇಕೆಂದಿದ್ದೇನೆ. ಆತನ ಮನೆತನದವರು ಯಾರಾದರೂ ಅಲ್ಲಿ ಉಳಿದಿದ್ದರೆ, ಎಂಬತ್ತು ವರ್ಷಗಳ ಹಿಂದೆ ಆ ಕಾರಕೂನ ಕೇಳಿದ ಪ್ರಶ್ನೆಗೆ ಉತ್ತರವನ್ನು ಅವರೆದುರಿಗಾದರೂ ಹೇಳಬೇಕು.